ಸುಡದ ಪೆಟ್ಟಿಗೆ

ಬಸ್ ಡಿಪೋದಲ್ಲಿ ಹತ್ತೊಂಬತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಫ್ಯೂಸಕ್ಕ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಬೆನ್ನ ಹಿಂದೆ ಆಡಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಆ ವಾರ ಹೆಡ್ ಎಲೆಕ್ಟ್ರಿಷಿಯನ್ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರೇ ಮೊದಲಿತ್ತು.

ಸೋಮವಾರ ಬೆಳಿಗ್ಗೆ ಒಂದು ಬಸ್ಸು ಗೇಟಿನಲ್ಲೇ ಮುಷ್ಕರ ಹೂಡಿತು. ಮೀಟರುಗಳೆಲ್ಲ ಸೊನ್ನೆ. ಡ್ರೈವರು ಅವಳ ಅಕ್ಕನ ಗಂಡ. ಹೆಂಗಸರು ವೈರು ಮುಟ್ಟಿದರೆ ಬಸ್ಸಿಗೆ ದೇವರೇ ಗತಿ ಎಂದು ಊರೆಲ್ಲ ಸಾರಿಕೊಂಡು ಬಂದ ಪುಣ್ಯಾತ್ಮ. ಡ್ಯಾಶ್‌ಬೋರ್ಡಿನ ಮೇಲೆ ಚಹಾ ಚೆಲ್ಲಿತ್ತು. ಕಂಟ್ರೋಲ್ ಪೆಟ್ಟಿಗೆ ಸುಟ್ಟಿದೆ, ತಪ್ಪು ಅವನದೇ, ಸಂಜೆಯೊಳಗೆ ಸಸ್ಪೆಂಡು ಎಂದು ಮ್ಯಾನೇಜರು ತೀರ್ಪು ಕೊಟ್ಟೂ ಆಯಿತು.

"ಸುಟ್ಟಿದೆ ಅಂತ ಯಾರು ಹೇಳಿದ್ದು ಸಾರ್? ಎರಡು ಗಂಟೆ ಕೊಡಿ," ಅಂದಳು ಫ್ಯೂಸಕ್ಕ.

ಇಂಜಿನ್ನು, ಬ್ರೇಕು, ಮೀಟರು, ಇವುಗಳ ಪೆಟ್ಟಿಗೆಗಳೆಲ್ಲ ಹಗ್ಗದಂತೆ ಹೊಸೆದ ಎರಡೇ ವೈರುಗಳ ಮೇಲೆ ಮಾತಾಡಿಕೊಳ್ಳುತ್ತವೆ. ಅದರಲ್ಲೊಂದು ಬಸ್ಸಿನ ಕಬ್ಬಿಣಕ್ಕೆ ತಾಗಿದರೆ ಶಾರ್ಟ್. ಆಗ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್, ಇಷ್ಟೇ ಕರೆಂಟು, ಇದಕ್ಕಿಂತ ಒಂದು ಚೂರೂ ಕೊಡೆ ಎಂದು ಕೈ ಬಿಗಿ ಹಿಡಿಯುತ್ತದೆ. ಮಾತು ನಿಲ್ಲುತ್ತದೆ, ಚಿಪ್ ಸುಡದೆ ಉಳಿಯುತ್ತದೆ. ಇದು ತಿಳಿಯದೆ ಎಷ್ಟು ಒಳ್ಳೆಯ ಪೆಟ್ಟಿಗೆಗಳು ಗುಜರಿಗೆ ಹೋಗಿವೆಯೋ, ಅಯ್ಯೋ ಕರ್ಮವೇ!

ಅವಳು ಒಂದೊಂದೇ ಪ್ಲಗ್ಗು ಕಿತ್ತು ನೋಡುತ್ತ ಹೋದಳು. ಕೊನೆಗೆ ಡ್ರೈವರ್ ಸೀಟಿನ ಕೆಳಗೆ ಸಿಕ್ಕಿತು: ವೈರು ಹಿಡಿದಿಡುವ ಕ್ಲಾಂಪಿನ ಸ್ಕ್ರೂ ವೈರಿನ ಹೊದಿಕೆ ಸೀಳಿ ಒಳಗೆ ಕಚ್ಚಿಕೊಂಡಿತ್ತು. ಪಕ್ಕದಲ್ಲೇ ಹಳದಿ ಟೇಪು. ಆ ಡಿಪೋದಲ್ಲಿ ಯಾರು ರಿಪೇರಿ ಮಾಡಿದರೂ ತಮ್ಮ ಬಣ್ಣದ ಟೇಪು ಸುತ್ತಬೇಕು. ಹಳದಿ ಅವಳದು.

ಕಿತ್ತು ಬೇರೆಯವರ ಕೆಂಪು ಸುತ್ತಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಕೆಂಪು ಸುರುಳಿ ಕೈಗೆಟುಕುವಲ್ಲೇ ಇತ್ತು. ನಾವೇಕೆ ಸುಳ್ಳು ಹೇಳಬೇಕು, ಅದನ್ನವಳು ಚೆನ್ನಾಗಿಯೇ ನೋಡಿದಳು. ಆಮೇಲೆ ಸ್ಕ್ರೂ ಸಡಿಲಿಸಿದಳು. ಮೀಟರುಗಳೆಲ್ಲ ಎದ್ದು ಕೂತವು.

"ಪೆಟ್ಟಿಗೆಗೆ ಏನೂ ಆಗಿಲ್ಲ ಸಾರ್. ಭಾವಂದು ತಪ್ಪಿಲ್ಲ."

"ಮತ್ತೆ ಯಾರದು?"

"ನಂದು. ಹೋದ ತಿಂಗಳು ಕ್ಲಾಂಪು ಜಾಸ್ತಿ ಬಿಗಿ ಮಾಡ್ಬಿಟ್ಟೆ."

ಮ್ಯಾನೇಜರು ಅವಳ ಎದುರಿಗೇ ಪಟ್ಟಿಯ ಮೊದಲ ಹೆಸರನ್ನು ಹೊಡೆದುಹಾಕಿದರು. ಗೆರೆ ನೇರವಾಗಿತ್ತು, ಸ್ಕೇಲು ಬಳಸಿದ್ದರು.

ಅವಳು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹತ್ತೊಂಬತ್ತು ವರ್ಷ, ಅಳು ಬರದೆ ಇನ್ನೇನು ಬರುತ್ತದೆ? ಯಾರೋ ಬಾಗಿಲು ತಟ್ಟಿದರು. ಬಸ್ಸು ಹೊರಡುವ ಹೊತ್ತು ಮೀರಿದ್ದರೂ ಭಾವ ಇನ್ನೂ ಹೊರಗೇ ನಿಂತಿದ್ದ. ತಟ್ಟಿದವರಿಗೆ ಅವನು ಹೇಳುವುದು ಕೇಳಿಸಿತು:

"ಒಳಗೆ ಹೋಗ್ಬೇಡ್ರೀ. ನಮ್ಮ ಹೆಡ್ ಎಲೆಕ್ಟ್ರಿಷಿಯನ್ನು ಕೆಲಸದಲ್ಲಿದ್ದಾರೆ."