ಭಾವನ ನಂಬರಿಗೆ ಬಂದ ರಿಪೋರ್ಟು

ನಮ್ಮ ಮನೆಯಲ್ಲಿ ನಾಲ್ಕು ಮೊಬೈಲುಗಳಿದ್ದರೂ ಕಾಗದಪತ್ರಕ್ಕೆಲ್ಲ ಒಂದೇ ನಂಬರು, ನನ್ನ ಗಂಡನ ಅಣ್ಣನದು. ರೇಷನ್ ಕಾರ್ಡು, ಗ್ಯಾಸು, ಹಾಲಿನ ಡೈರಿ, ಮಗಳ ಕಾಲೇಜು, ಎಲ್ಲಕ್ಕೂ ಅದೇ. ಗಂಡ ತೀರಿಕೊಂಡ ಮೇಲಂತೂ ಯಾರು ನಂಬರು ಕೇಳಿದರೂ ನನ್ನ ಬಾಯಿಗೆ ಬರುವುದು ಭಾವನದೇ. ಮಂಡ್ಯದ ಆಸ್ಪತ್ರೆಯ ಕೌಂಟರಿನಲ್ಲೂ ಅದನ್ನೇ ಒದರಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತ್ತು. ಸೊಂಟನೋವು ಎಂದು ಮಗಳಿಗೆ ಸುಳ್ಳು ಹೇಳಿ ಸ್ಕ್ಯಾನಿಗೆ ಹೋಗಿದ್ದೆ. ಅಪ್ಪನನ್ನು ಕಳೆದುಕೊಂಡು ಇನ್ನೂ ಎರಡು ವರ್ಷ ತುಂಬಿರದ ಹುಡುಗಿ. ಡಾಕ್ಟರು ಏನೆನ್ನುತ್ತಾರೋ ಕೇಳಿಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹೇಳಬೇಕೆಂದಿದ್ದೆ. ಅವಳಿಗೆ ಅದು ನನ್ನ ಬಾಯಿಂದಲೇ ತಿಳಿಯಬೇಕು. ನಾನು ಬಯಸಿದ್ದು ಅಷ್ಟೇ.

ರಿಪೋರ್ಟು ವಾಟ್ಸಾಪಿನಲ್ಲಿ ಭಾವನಿಗೆ ಹೋಯಿತು. ಅವರಿಗೆ ಇಂಗ್ಲಿಷ್ ಬಾರದು. ಸಂಜೆ ಹಾಲು ಹಾಕುವ ಹೊತ್ತಿನಲ್ಲಿ ಡೈರಿ ಸೆಕ್ರೆಟರಿಯ ಕೈಗೆ ಫೋನು ಕೊಟ್ಟು, “ಏನ್ ಬರ್ದವ್ರೆ ನೋಡ್ಲಾ” ಎಂದರಂತೆ. ಆ ಪುಣ್ಯಾತ್ಮ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ: “ಎದೇಲಿ ಗಂಟಂತೆ. ಕ್ಯಾನ್ಸರ್ ಇದ್ರೂ ಇರ್ಬೋದಂತೆ.” ಅದೇ ಸಾಲಿನಲ್ಲಿ ನನ್ನ ಮಗಳೂ ಕ್ಯಾನು ಹಿಡಿದು ನಿಂತಿದ್ದಳು. ಹಾಲು ಅಲ್ಲೇ ಬಿಟ್ಟು ಮನೆಗೆ ಓಡಿ ಬಂದು, “ಅವ್ವ, ನೀನೂ ಓಯ್ತೀಯಾ?” ಎಂದು ಅತ್ತಳು.

ನನಗೆ ಮೈಯೆಲ್ಲ ಉರಿದುಹೋಯಿತು. ಭಾವನ ಮೇಲೆ ಉರಿ, ಆ ಸೆಕ್ರೆಟರಿಯ ಮೇಲೆ ಉರಿ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಮಾರನೆಯ ದಿನ ಸೂಜಿ ಹಾಕಿ ಪರೀಕ್ಷೆ ಮಾಡುವುದಿತ್ತು. ಅದರ ಫಲಿತಾಂಶವೂ ಡೈರಿಗೆ ಹೋಗಬಾರದೆಂದು ಮೊದಲು ಕೌಂಟರಿಗೆ ಹೋದೆ.

“ನಂಬರ್ ನೀವೇ ಕೊಟ್ಟಿರೋದಲ್ವಾ ಮೇಡಂ?” ಎಂದಳು ಅಲ್ಲಿದ್ದ ಹುಡುಗಿ.

“ಕೊಟ್ಟೆ. ಅದು ಯಾರ್ದು ಅಂತ ನೀವು ಕೇಳಿದ್ರಾ?”

ಅವಳ ತಲೆಯ ಮೇಲೆ ‘ನಿಮ್ಮ ಆರೋಗ್ಯ ನಿಮ್ಮ ಬೆರಳ ತುದಿಯಲ್ಲಿ’ ಎಂಬ ಬೋರ್ಡು ಬೇರೆ. ಯಾರ ಬೆರಳೋ. ನಂಬರು ಬದಲಾಯಿಸಬೇಕಾದರೆ ಓಟಿಪಿ ಹಳೆಯ ನಂಬರಿಗೇ ಬರುತ್ತದಂತೆ. ಹಲ್ಲು ಕಚ್ಚಿಕೊಂಡು ಭಾವನಿಗೆ ಫೋನು ಮಾಡಿದೆ.

“ಆಸ್ಪತ್ರೆ ಎಂಗೈತೆ ಅಂತ ಕನ್ನಡದಲ್ಲೇ ಮೆಸೇಜ್ ಹಾಕಿ ಕೇಳಿದ್ರು, ಐದು ಸ್ಟಾರ್ ಒತ್ತಿವ್ನಿ ಕಣಮ್ಮ” ಎಂದರು. ಗಂಟು ನನ್ನದು, ಸ್ಟಾರು ಅವರದು.

“ಓಟಿಪಿ ಬಂದದೆ ನೋಡಿ ಭಾವ, ಅದೇನಂತ ಏಳಿ.”

“ನಂಬರ್ ಯಾಕಮ್ಮ ಬದ್ಲಾಯ್ಸೀಯೆ? ನಾನೇನ್ ಬ್ಯಾರೆಯೋನಾ?”

“ಬ್ಯಾರೆಯೋರಲ್ಲ. ಓಟಿಪಿ ಏಳಿ.”

ಒಂದೊಂದೇ ಅಂಕಿ ಹೇಳಿದರು. ಅವರಿಗೆ ನೋವಾಯಿತೆಂದು ಗೊತ್ತು. ಆಗಲಿ ಎಂದೇ ಅನ್ನಿಸಿತು.

ವಾರದ ಮೇಲೆ ಫಲಿತಾಂಶ ನನ್ನ ಫೋನಿಗೇ ಬಂತು. ಡಾಕ್ಟರಿಗೆ ತೋರಿಸಿದೆ. ಕ್ಯಾನ್ಸರಲ್ಲ, ಬರೀ ಕೊಬ್ಬಿನ ಗಂಟು.

“ಏನೂ ಇಲ್ವಂತಲ್ಲ, ಬುಡಮ್ಮ ಅತ್ಲಾಗೆ. ಇನ್ನೂ ಯಾಕ್ ಸಿಟ್ಟು?” ಎನ್ನುತ್ತಾರೆ ಭಾವ. ಬಿಡಲು ಆಗುತ್ತಿಲ್ಲ. ಮೊನ್ನೆ ಎರಡು ದಿನ ನನಗೆ ಜ್ವರ ಬಂದಿತ್ತು. ಬರೀ ಶೀತ ಕಣಮ್ಮ, ಏನೂ ಇಲ್ಲ ಎಂದು ಮಗಳಿಗೆ ಹೇಳಿದೆ. ಅವಳು ನನ್ನ ಮುಖವನ್ನೂ ನೋಡದೆ ನನ್ನ ಫೋನಿಗೆ ಕೈ ಚಾಚಿದಳು.

“ಬಾಯ್ಮಾತು ಬ್ಯಾಡ ಅವ್ವ. ರಿಪೋರ್ಟ್ ತೋರ್ಸು.”