ಹ್ಯಾನಾಳ ತಂದೆ, ನೀಲವ್ವನ ತವರು

ಎತ್ತಿನ ಮೇಲೆ ಕುಳಿತ ಅಪರಿಚಿತನೊಬ್ಬ ನನ್ನ ಅಜ್ಜಿ ಹುಟ್ಟಿದ ಮನೆಯನ್ನು ಬೆರಳು ಮಾಡಿ ತೋರಿಸಿದಾಗ ನಾನು ವಿಜಯಪುರಕ್ಕೆ ಬಂದು ವರ್ಷವೂ ಆಗಿರಲಿಲ್ಲ. ನಾನು ಅವನನ್ನು ನಂಬಲಿಲ್ಲ.

ಮೈಸೂರಿನವನಾದ ನಾನು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಮೈಸೂರಿನಲ್ಲಿ ಮಾಲೀಕರು ಮೊದಲು ಅಡ್ವಾನ್ಸ್ ಕೇಳುತ್ತಾರೆ. ಇಲ್ಲಿ ಮನೆಯೊಡತಿ ಶಮೀಮಬಾನು ಕೇಳಿದ್ದು, "ನಿಮ್ಮ ಮೂಲ ಯಾವೂರ್ರಿ?"

ಮೈಸೂರು ಎಂದೆ.

"ಅದು ನೀವಿರೋ ಊರಾತು. ಮೂಲ ಯಾವ್ದು?"

ಅಜ್ಜಿ ಈ ಸೀಮೆಯಿಂದ ಮದುವೆಯಾಗಿ ಬಂದವಳೆಂದು ಯಾರೋ ಹೇಳಿದ ನೆನಪು. ಯಾರು ಹೇಳಿದ್ದೆಂದು ನೆನಪಿಲ್ಲ. ನಾನೇ ಕಟ್ಟಿಕೊಂಡದ್ದೂ ಇರಬಹುದು.

ವಿಚಿತ್ರವೆಂದರೆ, ಸಂಜೆ ಹೊತ್ತು ನಾನು ಬೇರೊಬ್ಬರ ಮೂಲ ಹುಡುಕುತ್ತಿದ್ದೆ. ಅಮೆರಿಕದ ನಿವೃತ್ತ ಶಿಕ್ಷಕಿ ಮಾರ್ಗರೆಟ್ ಇಂಟರ್ನೆಟ್ಟಿನಲ್ಲಿ ಪರಿಚಯವಾದವರು. ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ ಬದುಕಿದ ಹ್ಯಾನಾ ಅವರ ಪೂರ್ವಜೆ. ಆಕೆಯ ಗಂಡ, ಮಕ್ಕಳು, ಹೊಲ ಎಲ್ಲ ದಾಖಲೆಯಲ್ಲಿವೆ, ತವರು ಇಲ್ಲ. ಸಮಾಧಿಗೆ ಹೊಸ ಕಲ್ಲು ಹಾಕಿಸಲಿದ್ದ ಮಾರ್ಗರೆಟ್ ಮನೆಯವರಿಗೆ ಅದರ ಮೇಲೆ ಕೆತ್ತಿಸಲು ಆಕೆಯ ತಂದೆಯ ಹೆಸರು ಬೇಕಿತ್ತು. ನೆಟ್ಟಿನ ವಂಶವೃಕ್ಷಗಳೆಲ್ಲ ಪಕ್ಕದೂರಿನ ಸಿರಿವಂತ ಜಾನ್ ಎಂಬವನನ್ನು ತಂದೆಯೆಂದು ತೋರಿಸುತ್ತಿದ್ದವು. ಅವನಿಗೂ ಹ್ಯಾನಾ ಎಂಬ ಮಗಳಿದ್ದಳು ಎಂಬುದಷ್ಟೇ ಆಧಾರ. ಒಬ್ಬ ಬರೆದದ್ದನ್ನು ಉಳಿದವರು ನಕಲು ಮಾಡಿದ್ದಾರೆಂದು ನನ್ನ ಗುಮಾನಿ. "ನೀವು ಹೌದು ಅಂದರೆ ಕೆತ್ತಿಸಿಬಿಡುತ್ತೇನೆ" ಎಂದು ಮಾರ್ಗರೆಟ್ ಬರೆದರು.

ಆ ವಾರ ಸಹೋದ್ಯೋಗಿ ಬಸವರಾಜ ತಿಕೋಟಾ ಕಡೆಯ ತನ್ನ ಊರು ಘೋಣಸಗಿಗೆ ಕರೆದೊಯ್ದ. ಅಲ್ಲಿಗೆ ಹೆಳವ ಬಂದಿದ್ದ. ಸುಗ್ಗಿ ಮುಗಿದ ಮೇಲೆ ಎತ್ತು ಹತ್ತಿ ಬಂದು, ಮನೆಮನೆಯ ವಂಶಾವಳಿ ಹೇಳಿ ಕಾಳು ಪಡೆಯುವವರು ಹೆಳವರು. ಬಸವರಾಜನ ಮನೆತನದ ಗಂಡಸರ ಹೆಸರುಗಳನ್ನು ಅವನು ಉಸಿರು ಬಿಡದೆ ಹೇಳಿದ. ಹೆಣ್ಣುಮಕ್ಕಳು ಬಂದಾಗ, "ಒಬ್ಬಾಕಿನ ಬಿಜ್ಜರಗಿಗೆ ಕೊಟ್ರು, ಒಬ್ಬಾಕಿನ ಬಬಲೇಶ್ವರಕ್ಕ" ಎಂದು ಮುಂದೆ ಸಾಗಿದ. ಹ್ಯಾನಾಳ ಊರಿನಲ್ಲೂ ಹೀಗೇ ಆಗಿರಬೇಕು.

ನನಗೆ ಪರೀಕ್ಷಿಸುವ ಚಟ. ಅಜ್ಜಿಯ ಹೆಸರು ಲಕ್ಷ್ಮಮ್ಮ. ಬೇಕೆಂದೇ, "ನಮ್ಮಜ್ಜಿ ಈ ಕಡೆಯವರಂತೆ. ನೀಲವ್ವ ಅಂತ" ಎಂದೆ.

"ನೀಲವ್ವ ಇದ ಮನಿ ಮಗಳರಿ! ಮೈಸೂರ ಸೀಮಿಗೆ ಕೊಟ್ಟಾರ" ಎಂದ ಹೆಳವ. ಮೈಸೂರನ್ನು ಅವನಿಗೆ ಹೇಳಿಕೊಟ್ಟದ್ದು ನನ್ನ ಮಾತಿನ ಧಾಟಿಯೇ.

ಅಷ್ಟರಲ್ಲಿ ಬಸವರಾಜನ ತಾಯಿ ಗಂಗವ್ವ ನನ್ನ ಕೈ ಹಿಡಿದಿದ್ದಳು. "ಯಪ್ಪಾ! ನಮ್ಮನಿ ಮಗಳ ಮೊಮ್ಮಗ ಆಗಿ ಇಷ್ಟೊತ್ತು ಸರ್ ಅನಿಸ್ಕೊಂಡು ಕುಂತಿಯಲ್ಲೋ!"

"ಸರ್ ಇದ್ದಾಗ ನಾಚಿ ಎರಡ ರೊಟ್ಟಿ ತಿಂದಾನ, ಬೇ. ಇನ್ನ ನಾಕ ಹಾಕು" ಎಂದು ಬಸವರಾಜ ನಕ್ಕ. ತಾಯಿಯನ್ನು, ಹಿರಿಯ ಹೆಂಗಸರನ್ನು ಇಲ್ಲಿ 'ಬೇ' ಎನ್ನುತ್ತಾರೆ.

ಹೊರಡುವಾಗ ಗಂಗವ್ವ ನನ್ನ ಹೆಂಡತಿಗೆಂದು ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಕಟ್ಟಿಕೊಟ್ಟಳು. ತವರಿನವರು ತುಂಬುವ ಉಡಿ. ನಿಜ ಹೇಳಲು ಬಾಯಿ ತೆರೆದವನು, "ಭಾರ ಆಯಿತು" ಎಂದಷ್ಟೇ ಹೇಳಿದೆ.

ಮರುದಿನ ಮಾರ್ಗರೆಟ್‌ಗೆ ಬರೆದೆ: ತಂದೆ ಯಾರೆಂದು ಗೊತ್ತಿಲ್ಲ, ಆ ಜಾಗ ಬರಿದೇ ಇರಲಿ. ಅವರ ಮನೆಯವರು ಮುನಿಸಿಕೊಂಡರಂತೆ. ಆದರೂ ಹಾಗೇ ಬಿಟ್ಟರು.

ಆಮೇಲೆ ಮೈಸೂರಿಗೆ ಹೋದಾಗ ದೊಡ್ಡಪ್ಪನನ್ನು ಕೇಳಿದೆ. "ಲಕ್ಷ್ಮಮ್ಮ ಅನ್ನೋದು ಮದುವೇಲಿ ಇಟ್ಟ ಹೆಸರು ಕಣೋ. ಮುಂಚಿನದು ಯಾರಿಗೆ ಗೊತ್ತು?"

ಹಾಗಾದರೆ ನೀಲವ್ವ ಎಂಬ ಹೆಸರು ನನ್ನ ಬಾಯಿಗೆ ಬಂದದ್ದು ಎಲ್ಲಿಂದ? ಕಟ್ಟಿದೆನೋ, ಎಂದೋ ಕೇಳಿದ್ದೆನೋ, ಈಗ ಆಣೆ ಮಾಡಿ ಹೇಳಲಾರೆ.

ಮೈಸೂರಿನಲ್ಲಿ ನನ್ನನ್ನು ಬಿಜಾಪುರದವನೆಂದು ರೇಗಿಸುತ್ತಾರೆ. ಇಲ್ಲಿ ಶಮೀಮಬಾನು, "ನಮ್ಮ ಸರ್ ಮೂಲ ಘೋಣಸಗಿ ರೀ" ಎಂದು ಓಣಿಗೆಲ್ಲ ಹೇಳಿದ್ದಾರೆ. ಗಂಗವ್ವ ಫೋನ್ ಮಾಡಿ ಕರೆದಾಗಲೆಲ್ಲ "ಹೂಂ ಬೇ, ಬರ್ತೀನಿ" ಎನ್ನುತ್ತೇನೆ. ನಿಜ ಹೇಳಿದರೆ ಆಕೆ ನನ್ನನ್ನು ಮತ್ತೆ ಸರ್ ಎಂದಾಳು.