ಬಿಸಿನೀರಿನ ಶೋಕಿ

ನಾನು ನಿಂತಿದ್ದದ್ದು ವೈದ್ಯನಾಥಪುರದ ದೇವಸ್ಥಾನದ ಕೆಳಗೆ, ಶಿಂಷಾ ಹೊಳೆಯ ಮೂರನೆಯ ಮೆಟ್ಟಿಲ ಮೇಲೆ. ಮೂರು ವರ್ಷದ ಹಿಂದೆ, ಎಪ್ಪತ್ತಾರರ ಕಾರ್ತೀಕದ ಕೊನೆಯ ಸೋಮವಾರ, ಬೆಳಿಗ್ಗೆ ಆರೂವರೆ. (ಗಡಿಯಾರ ನೋಡಿದ್ದೆ. ಏಳೂಕಾಲಿಗೆ ಬಸ್ಸಿತ್ತು.)

ನೀರಿಗಿಳಿದು ನಿಂತಿದ್ದವಳು ಜಯಮ್ಮ, ಬೆಸಗರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಹೃದಯದ ಕವಾಟ ಕೆಟ್ಟಿತ್ತು. ಆ ಗುರುವಾರ ಬೆಂಗಳೂರಿನಲ್ಲಿ ಆಪರೇಷನ್. ಅದಕ್ಕೆ ಮುಂಚೆ ಮೂರು ಮುಳುಗು ಹಾಕಿಸುತ್ತೇನೆಂದು ಅತ್ತೆ ಕೆಂಪಮ್ಮ ಹರಕೆ ಹೊತ್ತಿದ್ದರು. ಆಸ್ಪತ್ರೆಯ ಇಂಗ್ಲಿಷ್ ಕಾಗದ ಓದಿ ಹೇಳಲಿಕ್ಕೆ ಮೇಷ್ಟ್ರು ಬೇಕು. ಹಾಗಾಗಿ ನಾನೂ ಜೊತೆಗೆ ಹೊರಟಿದ್ದೆ.

"ಬೆರಳು ನೋಯ್ತವೆ ಕಣತ್ತೆ. ಒಂದೇ ಮುಳುಗು ಸಾಕು."

"ಮುಳುಗಮ್ಮಿ! ದೇವ್ರ ನೀರು ಏನ್ ಮಾಡ್ತದೆ?" ಕೆಂಪಮ್ಮ ನನ್ನ ಕಡೆ ತಿರುಗಿದರು. "ಇವ್ಳಿಗೆ ಮದ್ವೆಯಾದಾಗ್ಲಿಂದ್ಲೂ ಬಿಸ್ನೀರ ಸೋಕಿ ಕಣಪ್ಪ ಮೇಷ್ಟ್ರೇ. ಪಾತ್ರೆ ತೊಳ್ಯಾಕೂ ಬಿಸ್ನೀರು!"

ಗಂಡ ಸಿದ್ದೇಗೌಡ ನಕ್ಕ. ನಾನೂ ನಕ್ಕೆ. "ಬೇಗ ಆಗ್ಲಮ್ಮ, ಬಸ್ಸು ತಪ್ಪುತ್ತೆ" ಎಂದವನೂ ನಾನೇ.

ಮೂರು ಮುಳುಗಿ ಎದ್ದಳು. ಬೆರಳುಗಳು ನೇರಳೆ ಹಣ್ಣಿನ ಬಣ್ಣ. ಮೂಗಿನ ತುದಿ, ಕಿವಿ ಕೂಡ. ತರಗು ಗುಡ್ಡೆ ಹಾಕಿ ಬೆಂಕಿ ಮಾಡಿದೆವು. ಕಾಲು ಗಂಟೆಯಲ್ಲಿ ಬಣ್ಣ ಇಳಿಯಿತು. ನಾವೂ ಮರೆತೆವು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ಸಿದ್ದೇಗೌಡ ನನ್ನ ಕಿವಿಯ ಹತ್ತಿರ ಬಂದ. "ಮೇಷ್ಟ್ರೇ, ನೆನ್ನೆಯಿಂದ ಅವ್ಳು ಒಂದಕ್ಕೋದ್ರೆ ಕಾಫಿ ಡಿಕಾಕ್ಸನ್ ಇದ್ದಂಗದಂತೆ. ಡಾಕ್ಟ್ರಿಗೆ ನೀವೇ ಏಳಿ. ನಂಗೆ ನಾಚ್ಕೆ ಆಯ್ತದೆ."

ಹೇಳಿದೆ. ಹೊಳೆ, ಬೆರಳು, ಎಲ್ಲವನ್ನೂ ಸೇರಿಸಿ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಅವಳ ರಕ್ತ ತೆಗೆಸಿ, ಗಾಜಿನ ಕೊಳವೆಯನ್ನು ಐಸಿನಲ್ಲಿಟ್ಟರು. ರಕ್ತ ರವೆಯಂತೆ ಕಾಳುಕಾಳಾಯಿತು. ಅದನ್ನೇ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. ಮತ್ತೆ ತಿಳಿಯಾಗಿ ಹರಿಯಿತು.

"ಚಳಿ ತಗುಲಿದರೆ ಇವರ ರಕ್ತ ತನ್ನ ಕಣಗಳ ಮೇಲೆ ತಾನೇ ತಿರುಗಿ ಬೀಳುತ್ತೆ. ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಬರ್ತಿರೋದು" ಎಂದರು. "ಆಪರೇಷನ್ ಹೊತ್ತಿನಲ್ಲಿ ನಾವು ಮೈಯನ್ನು ತಣ್ಣಗೆ ಮಾಡ್ತೀವಿ. ಗುರುವಾರ ಹಾಗೆ ಮಾಡಿದ್ದರೆ..." ಜಯಮ್ಮನ ಕಡೆ ತಿರುಗಿದರು. "ಇದನ್ನು ಯಾಕಮ್ಮ ಮೊದಲೇ ಹೇಳಲಿಲ್ಲ?"

ಜಯಮ್ಮ ಅತ್ತೆಯ ಮುಖ ನೋಡಿದಳು. "ಎಂಗೇಳ್ಲಿ ಸಾ? ಸೋಕಿ ಅಂತಾರೆ."

ಆಪರೇಷನ್ ಮೂರು ವಾರ ಮುಂದೆ ಹೋಯಿತು. ಮೈಯ ಶಾಖ ಇಳಿಯದಂತೆ, ಕೊಡುವ ರಕ್ತವನ್ನೂ ಬೆಚ್ಚಗೆ ಮಾಡಿ, ಮುಗಿಸಿದರು. (ಆಪರೇಷನ್ನಿನ ಯಂತ್ರಗಳ ವಿಷಯ ನನಗೆ ತಿಳಿಯದು. ಡಾಕ್ಟರು ಹೇಳಿದ್ದನ್ನಷ್ಟೇ ಬರೆದಿದ್ದೇನೆ.) ಊರಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಸೊಸೆಗಾಗಿ ನೀರೊಲೆ ಹಚ್ಚುತ್ತಿದ್ದವರು ಕೆಂಪಮ್ಮ.

ನಮ್ಮ ಮನೆಗಳಲ್ಲಿ ಇನ್ನೆಷ್ಟು ಕಾಯಿಲೆಗಳಿಗೆ ಶೋಕಿ, ಸೋಮಾರಿತನ ಎಂದು ಹೆಸರಿಟ್ಟು ಕೂತಿದ್ದೇವೆ?

ಕಳೆದ ವಾರ ಕೆಂಪಮ್ಮ ತೀರಿಕೊಂಡರು. ಮಣ್ಣು ಮಾಡಿ ಬಂದಾಗ, ಹೆಂಗಸರು ಜಯಮ್ಮನ ತಲೆಗೆ ಹುಯ್ಯಲು ತಣ್ಣೀರಿನ ಬಿಂದಿಗೆ ಎತ್ತಿದ್ದರು. "ಸಾಸ್ತ್ರ ಕಣಮ್ಮಿ, ಇದೊಂದಿನ ತಡ್ಕೊ."

ಸಿದ್ದೇಗೌಡ ಬಿಂದಿಗೆ ಕಿತ್ತುಕೊಂಡ. "ಬುಡ್ರವ್ವ! ನಮ್ಮವ್ವ ಇದ್ದಿದ್ರೆ ನಿಮ್ಗೆ ಪೊರಕೆ ತಗೋಳೋಳು."

ಹೆಂಗಸರು ನಂಬದೆ ನನ್ನ ಕಡೆ ನೋಡಿದರು. ಮೆಟ್ಟಿಲ ಮೇಲೆ ನಿಂತು ಕಂಡದ್ದನ್ನು ಅವರಿಗೂ ಹೇಳಿದೆ, ನಾನು ನಕ್ಕದ್ದನ್ನೂ ಬಿಡದೆ. ಒಳಗಿಂದ ಬಿಸಿನೀರಿನ ಹಂಡೆ ಬಂತು.

ಆ ಬೆಳಿಗ್ಗೆ ಹೊಳೆಯಲ್ಲಿ ಆ ಬೆರಳುಗಳನ್ನು ಕಂಡವರಲ್ಲಿ ಈಗ ಸಿದ್ದೇಗೌಡ ಇದ್ದಾನೆ, ನಾನಿದ್ದೇನೆ. ಜಯಮ್ಮನೂ ಇದ್ದಾಳೆ.